ಹಂಚಿಕೆಯ ಪ್ರಯೋಗಾಲಯಗಳಲ್ಲಿ ಫ್ಲೋ ಸೈಟೋಮೆಟ್ರಿ

ಫ್ಲೋ ಸೈಟೋಮೆಟ್ರಿ ಎಂಬುದು ದ್ರವದಲ್ಲಿ ತೇಲುತ್ತಿರುವ ಜೀವಕೋಶಗಳನ್ನು ಒಂದರ ಹಿಂದೊಂದರಂತೆ ಲೇಸರ್ ಕಿರಣದ ಮೂಲಕ ಹಾಯಿಸಿ, ಪ್ರತಿಯೊಂದು ಕೋಶವು ಚದುರಿಸುವ ಹಾಗೂ ಹೊರಸೂಸುವ ಬೆಳಕನ್ನು ಅಳೆಯುವ ವಿಧಾನವಾಗಿದೆ. ಕನ್ನಡದಲ್ಲಿ ಇದನ್ನು ಹರಿವು ಕೋಶಮಾಪನ ಎನ್ನಬಹುದು. ಈ ಅಳತೆಯನ್ನು ಮಾಡುವ ಯಂತ್ರಕ್ಕೆ ಫ್ಲೋ ಸೈಟೋಮೀಟರ್ ಎಂದು ಹೆಸರು. ಅಳೆದ ಕೋಶಗಳಲ್ಲಿ ಬೇಕಾದವನ್ನು ಜೀವಂತವಾಗಿ ಬೇರ್ಪಡಿಸಿ ಕೊಡುವ ಯಂತ್ರವನ್ನು ಸೆಲ್ ಸಾರ್ಟರ್ ಎಂದು ಕರೆಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕೆಲವು ನೂರು ಕೋಶಗಳನ್ನು ನೋಡುವಷ್ಟರಲ್ಲಿ ಈ ಯಂತ್ರವು ಲಕ್ಷಾಂತರ ಕೋಶಗಳನ್ನು ಒಂದೊಂದಾಗಿ ಅಳೆದು ಮುಗಿಸುತ್ತದೆ.

ಈ ಯಂತ್ರಗಳು ದುಬಾರಿಯಾಗಿವೆ. ಸಾರ್ಟರ್‌ಗಳ ಬೆಲೆ ಕೋಟಿ ರೂಪಾಯಿಗಳ ಲೆಕ್ಕದಲ್ಲಿರುತ್ತದೆ. ಅವುಗಳನ್ನು ನಡೆಸಲು ವಿಶೇಷ ತರಬೇತಿಯೂ ಬೇಕು. ಆದುದರಿಂದ ವಿಶ್ವವಿದ್ಯಾಲಯಗಳೂ ಸಂಶೋಧನಾ ಸಂಸ್ಥೆಗಳೂ ಸಾಮಾನ್ಯವಾಗಿ ಒಂದು ಕೇಂದ್ರದಲ್ಲಿ ಯಂತ್ರಗಳನ್ನು ಇರಿಸಿ, ಅನೇಕ ಸಂಶೋಧನಾ ತಂಡಗಳು ಸರದಿಯಂತೆ ಬಳಸುವ ವ್ಯವಸ್ಥೆಯನ್ನು ಮಾಡಿಕೊಂಡಿವೆ. ಇಂತಹ ಕೇಂದ್ರಗಳನ್ನು ಹಂಚಿಕೆಯ ಪ್ರಯೋಗಾಲಯ ಅಥವಾ ಕೋರ್ ಫೆಸಿಲಿಟಿ ಎನ್ನಲಾಗುತ್ತದೆ. ಒಂದೇ ಯಂತ್ರವನ್ನು ಹಲವರು ಬಳಸುವಾಗ, ಅದು ನೀಡುವ ಅಂಕಿಗಳ ವಿಶ್ವಾಸಾರ್ಹತೆಯು ಯಂತ್ರದ ಸಾಮರ್ಥ್ಯದಷ್ಟೇ ಬಳಕೆದಾರರ ಸಾಮೂಹಿಕ ಶಿಸ್ತನ್ನೂ ಅವಲಂಬಿಸಿರುತ್ತದೆ.

ಇತಿಹಾಸ

ಹರಿಯುವ ದ್ರವದಲ್ಲಿ ಕೋಶಗಳನ್ನು ಎಣಿಸುವ ಆಲೋಚನೆಯು 1934ರಲ್ಲಿ ಕಾಣಿಸಿಕೊಂಡಿತು. ಆ ವರ್ಷ ಕೆನಡಾದ ಮಾಂಟ್ರಿಯಲ್ ನಗರದ ಆಂಡ್ರ್ಯೂ ಮೋಲ್ಡವನ್, ಸೂಕ್ಷ್ಮವಾದ ಗಾಜಿನ ನಳಿಕೆಯಲ್ಲಿ ಸಾಗುವ ಕೋಶಗಳನ್ನು ದ್ಯುತಿವಿದ್ಯುತ್ ಸಾಧನದಿಂದ ಎಣಿಸುವ ವಿಧಾನವನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಸೂಚಿಸಿದನು. ಅಮೆರಿಕದ ವಾಲೆಸ್ ಕೋಲ್ಟರ್ 1953ರಲ್ಲಿ ಬೇರೊಂದು ತತ್ತ್ವಕ್ಕೆ ಪೇಟೆಂಟ್ ಪಡೆದನು. ಸಣ್ಣ ರಂಧ್ರದ ಮೂಲಕ ಕೋಶವು ಹಾದುಹೋಗುವಾಗ ವಿದ್ಯುತ್ ಪ್ರವಾಹಕ್ಕೆ ಉಂಟಾಗುವ ತಡೆಯನ್ನು ಅಳೆದು, ಕೋಶದ ಗಾತ್ರವನ್ನು ತಿಳಿಯುವುದು ಆ ತತ್ತ್ವದ ಸಾರ. ಅದೇ ವರ್ಷ ಇಂಗ್ಲೆಂಡಿನ ಕ್ರಾಸ್‌ಲ್ಯಾಂಡ್-ಟೇಲರ್, ಮಾದರಿಯ ದ್ರವದ ಸುತ್ತಲೂ ಇನ್ನೊಂದು ದ್ರವವನ್ನು ಹರಿಸಿ ಕೋಶಗಳನ್ನು ಸಣ್ಣ ಧಾರೆಯ ನಡುವೆ ಸಾಲಾಗಿ ಸಾಗಿಸುವ ಉಪಾಯವನ್ನು ಪ್ರಕಟಿಸಿದನು. ಇಂದಿನ ಬಹುತೇಕ ಯಂತ್ರಗಳು ಈ ಉಪಾಯವನ್ನೇ ಅನುಸರಿಸುತ್ತವೆ.

1965ರಲ್ಲಿ ಎರಡು ಮಹತ್ವದ ಬೆಳವಣಿಗೆಗಳಾದವು. ಐಬಿಎಂ ಸಂಸ್ಥೆಯ ಲೂಯಿಸ್ ಕಾಮೆನ್‌ಸ್ಕಿ, ಗರ್ಭಕಂಠದ ಕ್ಯಾನ್ಸರನ್ನು ಪತ್ತೆಮಾಡುವ ಉದ್ದೇಶದಿಂದ ಕೋಶಗಳು ಹೀರುವ ಹಾಗೂ ಚದುರಿಸುವ ಬೆಳಕನ್ನು ವೇಗವಾಗಿ ಅಳೆಯುವ ಯಂತ್ರವನ್ನು ವಿವರಿಸಿದನು. ಲಾಸ್ ಅಲಾಮೋಸ್ ಪ್ರಯೋಗಾಲಯದ ಮ್ಯಾಕ್ ಫುಲ್ವೈಲರ್ ಮೊದಲ ವಿದ್ಯುನ್ಮಾನ ಸೆಲ್ ಸಾರ್ಟರನ್ನು ನಿರ್ಮಿಸಿದನು. ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವೀಟ್ ಮುದ್ರಣಕ್ಕಾಗಿ ರೂಪಿಸಿದ್ದ, ಶಾಯಿಯ ಹನಿಗಳಿಗೆ ವಿದ್ಯುದಾವೇಶ ನೀಡಿ ಅವುಗಳ ದಿಕ್ಕು ಬದಲಿಸುವ ತಂತ್ರವನ್ನು ಫುಲ್ವೈಲರ್ ಕೋಶಗಳಿಗೆ ಅಳವಡಿಸಿದನು.

ಈ ಯಂತ್ರದ ಹುಟ್ಟಿನ ಹಿಂದೆ ಒಂದು ಸಂಶಯವಿತ್ತು. ಕೋಲ್ಟರ್ ತತ್ತ್ವದಿಂದ ಕೆಂಪು ರಕ್ತಕಣಗಳನ್ನು ಅಳೆದಾಗ ಎರಡು ಬೇರೆ ಬೇರೆ ಗಾತ್ರದ ಗುಂಪುಗಳಿರುವಂತೆ ಕಾಣುತ್ತಿತ್ತು. ಅವು ನಿಜವಾಗಿಯೂ ಎರಡು ಬಗೆಯ ಕಣಗಳೇ, ಅಥವಾ ಅಳತೆಯ ದೋಷವೇ ಎಂಬುದನ್ನು ತಿಳಿಯಲು ಅವನ್ನು ಬೇರ್ಪಡಿಸಿ ಮತ್ತೆ ಅಳೆಯಬೇಕಾಗಿತ್ತು. ಬೇರ್ಪಡಿಸಿದ ಒಂದು ಗುಂಪನ್ನು ಪುನಃ ಅಳೆದಾಗಲೂ ಹಿಂದಿನ ಎರಡು ಶಿಖರಗಳೇ ಕಂಡುಬಂದವು. ಹೀಗೆ ಅದು ಅಳತೆಯ ದೋಷವೆಂದು ಸಿದ್ಧವಾಯಿತು. ಯಂತ್ರವು ತೋರಿಸುವುದೆಲ್ಲವೂ ಜೀವಕೋಶದಲ್ಲಿ ಇರುವುದಲ್ಲ ಎಂಬ ಪಾಠವು ಈ ವಿಧಾನದ ಆರಂಭದಲ್ಲಿಯೇ ದೊರೆಯಿತು.

ಪ್ರತಿದೀಪ್ತಿಯನ್ನು ಅಳೆಯುವ ಯಂತ್ರವನ್ನು 1968ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ವೋಲ್ಫ್‌ಗಾಂಗ್ ಗ್ಯೋಡೆ ರೂಪಿಸಿದನು. 1969ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಿಯೊನಾರ್ಡ್ ಹರ್ಜೆನ್‌ಬರ್ಗ್ ಹಾಗೂ ಸಂಗಡಿಗರು ಪ್ರತಿದೀಪ್ತಿಯ ಆಧಾರದಿಂದ ಕೋಶಗಳನ್ನು ವಿಂಗಡಿಸುವ ವಿಧಾನವನ್ನು ಪ್ರಕಟಿಸಿದರು. ಇದು ಮುಂದೆ ಫ್ಯಾಕ್ಸ್ ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾಯಿತು. ಹರ್ಜೆನ್‌ಬರ್ಗ್ ಅವರಿಗೆ 2006ರಲ್ಲಿ ಕ್ಯೋಟೋ ಪ್ರಶಸ್ತಿ ದೊರೆಯಿತು. 1975ರಲ್ಲಿ ಕ್ಯೋಲರ್ ಮತ್ತು ಮಿಲ್‌ಸ್ಟೈನ್ ಏಕತದ್ರೂಪಿ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದ ಮೇಲೆ, ನಿರ್ದಿಷ್ಟ ಕೋಶಗಳನ್ನು ಗುರುತಿಸಲು ಬೇಕಾದ ಪ್ರತಿಕಾಯಗಳು ಹೇರಳವಾಗಿ ದೊರೆಯತೊಡಗಿದವು. ಕೋಶದ ಮೇಲ್ಮೈ ಗುರುತುಗಳಿಗೆ ಸಿಡಿ3, ಸಿಡಿ4, ಸಿಡಿ8 ಎಂಬಂತಹ ಸರ್ವಸಮ್ಮತ ಹೆಸರುಗಳನ್ನು ಕೊಡುವ ಕ್ರಮವು 1982ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಕಾರ್ಯಾಗಾರದಿಂದ ಆರಂಭವಾಯಿತು.

ಕಾರ್ಯತತ್ತ್ವ

ಫ್ಲೋ ಸೈಟೋಮೀಟರ್‌ನಲ್ಲಿ ದ್ರವ, ಬೆಳಕು ಮತ್ತು ವಿದ್ಯುನ್ಮಾನ ಎಂಬ ಮೂರು ವ್ಯವಸ್ಥೆಗಳು ಒಟ್ಟಾಗಿ ಕೆಲಸ ಮಾಡುತ್ತವೆ.

ದ್ರವ ವ್ಯವಸ್ಥೆ: ಮಾದರಿಯ ದ್ರವವು ಹೊದಿಕೆ ದ್ರವದ ನಡುವೆ ಸೇರುತ್ತದೆ. ಎರಡೂ ಬೆರೆಯದೆ ಪದರಗಳಾಗಿ ಹರಿಯುವುದರಿಂದ ಒಳಗಿನ ಧಾರೆಯು ಕಿರಿದಾಗಿ, ಕೋಶಗಳು ಒಂದೊಂದಾಗಿ ಲೇಸರ್ ಎದುರಿಗೆ ಬರುತ್ತವೆ. ಮಾದರಿಯನ್ನು ಹೆಚ್ಚು ಒತ್ತಡದಿಂದ ದೂಡಿದರೆ ಒಳಧಾರೆ ದಪ್ಪವಾಗುತ್ತದೆ. ಆಗ ಎರಡು ಕೋಶಗಳು ಜೊತೆಯಾಗಿ ಹಾಯುವ ಸಾಧ್ಯತೆ ಹೆಚ್ಚಿ, ಅಳತೆಯು ಮಸುಕಾಗುತ್ತದೆ.

ಬೆಳಕಿನ ವ್ಯವಸ್ಥೆ: ಬಹುತೇಕ ಯಂತ್ರಗಳಲ್ಲಿ 488 ನ್ಯಾನೋಮೀಟರ್ ತರಂಗದೂರದ ನೀಲಿ ಲೇಸರ್ ಇರುತ್ತದೆ. ಅದರೊಡನೆ ನೇರಳೆ, ಕೆಂಪು ಮೊದಲಾದ ಲೇಸರ್‌ಗಳೂ ಇರಬಹುದು. ಕಿರಣದ ನೇರದಲ್ಲಿ ಮುಂದಕ್ಕೆ ಚದುರುವ ಬೆಳಕು ಕೋಶದ ಗಾತ್ರದ ಸ್ಥೂಲ ಸೂಚನೆಯನ್ನೂ, ಪಕ್ಕಕ್ಕೆ ಚದುರುವ ಬೆಳಕು ಕೋಶದ ಒಳಗಿನ ಕಣಗಳ ಸಂಕೀರ್ಣತೆಯ ಸೂಚನೆಯನ್ನೂ ಕೊಡುತ್ತದೆ. ಈ ಎರಡು ಅಳತೆಗಳಿಂದಲೇ ರಕ್ತದಲ್ಲಿನ ಲಿಂಫೋಸೈಟ್, ಮೊನೊಸೈಟ್ ಮತ್ತು ಗ್ರ್ಯಾನ್ಯುಲೊಸೈಟ್ ಎಂಬ ಬಿಳಿ ರಕ್ತಕಣಗಳು ಮೂರು ಗುಂಪುಗಳಾಗಿ ತೋರುತ್ತವೆ. ಇನ್ನೂ ಸೂಕ್ಷ್ಮವಾದ ಭೇದವನ್ನು ತಿಳಿಯಲು ಪ್ರತಿದೀಪ್ತಿ ವರ್ಣದ್ರವ್ಯವನ್ನು ಜೋಡಿಸಿದ ಪ್ರತಿಕಾಯಗಳನ್ನು ಬಳಸುತ್ತಾರೆ. ಪ್ರತಿಕಾಯವು ತನಗೆ ಹೊಂದುವ ಗುರುತಿಗೆ ಅಂಟಿಕೊಳ್ಳುತ್ತದೆ. ಲೇಸರ್ ತಾಗಿದಾಗ ವರ್ಣದ್ರವ್ಯವು ಬೇರೊಂದು ಬಣ್ಣದ ಬೆಳಕನ್ನು ಹೊರಸೂಸುತ್ತದೆ. ದರ್ಪಣಗಳೂ ಶೋಧಕಗಳೂ ಆ ಬಣ್ಣಗಳನ್ನು ಬೇರ್ಪಡಿಸಿ ಪ್ರತ್ಯೇಕ ಗ್ರಾಹಕಗಳಿಗೆ ಕಳುಹಿಸುತ್ತವೆ.

ವಿದ್ಯುನ್ಮಾನ ವ್ಯವಸ್ಥೆ: ಗ್ರಾಹಕಗಳು ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತವೆ. ಪ್ರತಿ ಕೋಶಕ್ಕೂ ಸಂಕೇತದ ಎತ್ತರ, ಅಗಲ ಮತ್ತು ವಿಸ್ತೀರ್ಣಗಳು ದಾಖಲಾಗುತ್ತವೆ. ಈ ದಾಖಲೆಗಳನ್ನು ಇರಿಸಲು ಎಫ್‌ಸಿಎಸ್ ಎಂಬ ಸಾಮಾನ್ಯ ಕಡತ ವಿನ್ಯಾಸವು 1984ರಿಂದ ಬಳಕೆಯಲ್ಲಿದೆ. ಇದರಿಂದಾಗಿ ಒಂದು ಕಂಪನಿಯ ಯಂತ್ರದಲ್ಲಿ ದೊರೆತ ದತ್ತಾಂಶವನ್ನು ಇನ್ನೊಬ್ಬರ ತಂತ್ರಾಂಶದಲ್ಲಿ ತೆರೆದು ನೋಡುವುದು ಸಾಧ್ಯವಾಗಿದೆ.

ಕೋಶಗಳ ವಿಂಗಡಣೆ

ಸಾರ್ಟರ್‌ನಲ್ಲಿ ದ್ರವವು ಸಾಮಾನ್ಯವಾಗಿ 70ರಿಂದ 100 ಮೈಕ್ರೋಮೀಟರ್ ವ್ಯಾಸದ ನಾಜಲ್ ಮೂಲಕ ಹೊರಬರುತ್ತದೆ. ನಾಜಲನ್ನು ಅತಿವೇಗವಾಗಿ ಕಂಪಿಸುವುದರಿಂದ ಧಾರೆಯು ಸೆಕೆಂಡಿಗೆ ಹತ್ತಾರು ಸಾವಿರ ಸಮಗಾತ್ರದ ಹನಿಗಳಾಗಿ ಒಡೆಯುತ್ತದೆ. ಲೇಸರ್ ಮುಂದೆ ಹಾದ ಕೋಶವು ಹನಿಯೊಂದರಲ್ಲಿ ಸೇರಿ ಬೇರ್ಪಡುವ ಕ್ಷಣದಲ್ಲಿಯೇ ಧಾರೆಗೆ ವಿದ್ಯುದಾವೇಶವನ್ನು ನೀಡಲಾಗುತ್ತದೆ. ಆವೇಶ ಪಡೆದ ಹನಿಯು ಹೆಚ್ಚು ವೋಲ್ಟೇಜ್ ಇರುವ ಎರಡು ಫಲಕಗಳ ನಡುವೆ ಬೀಳುವಾಗ ಬದಿಗೆ ವಾಲಿ, ನಿಗದಿತ ನಳಿಕೆಯನ್ನು ಸೇರುತ್ತದೆ. ಆವೇಶವಿಲ್ಲದ ಹನಿಗಳು ನೇರವಾಗಿ ತ್ಯಾಜ್ಯಕ್ಕೆ ಹೋಗುತ್ತವೆ.

ಕೋಶವು ಲೇಸರನ್ನು ದಾಟಿದ ಮೇಲೆ ಹನಿಯಾಗಿ ಬೇರ್ಪಡುವವರೆಗಿನ ಕಾಲವನ್ನು ನಿಖರವಾಗಿ ನಿಗದಿಪಡಿಸುವುದು ಇಲ್ಲಿನ ಮುಖ್ಯ ಕೆಲಸ. ಈ ಲೆಕ್ಕವು ಒಂದು ಹನಿಯಷ್ಟು ತಪ್ಪಿದರೂ ಬೇಕಾದ ಕೋಶವು ತ್ಯಾಜ್ಯಕ್ಕೆ ಹೋಗಿ, ಪಕ್ಕದ ಹನಿಯು ನಳಿಕೆಗೆ ಬೀಳುತ್ತದೆ. ಕೊಠಡಿಯ ಉಷ್ಣಾಂಶ ಬದಲಾದರೆ ಅಥವಾ ನಾಜಲ್‌ನಲ್ಲಿ ಗಾಳಿಯ ಗುಳ್ಳೆ ಸೇರಿದರೆ ಹನಿ ಒಡೆಯುವ ಸ್ಥಾನವು ಸರಿದುಬಿಡಬಹುದು. ಆದುದರಿಂದ ಗಂಟೆಗಟ್ಟಲೆ ನಡೆಯುವ ವಿಂಗಡಣೆಯನ್ನು ಅನುಭವಿ ತಂತ್ರಜ್ಞರು ಗಮನಿಸುತ್ತಿರಬೇಕಾಗುತ್ತದೆ. ವಿಂಗಡಣೆ ಮುಗಿದ ಮೇಲೆ ದೊರೆತ ಕೋಶಗಳಲ್ಲಿ ಸ್ವಲ್ಪ ಭಾಗವನ್ನು ಪುನಃ ಅಳೆದು ಶುದ್ಧತೆಯನ್ನು ಪರೀಕ್ಷಿಸುವುದು ಉತ್ತಮ ಪದ್ಧತಿ.

ಹಂಚಿಕೆಯ ಪ್ರಯೋಗಾಲಯದ ವ್ಯವಸ್ಥೆ

ಹಂಚಿಕೆಯ ಪ್ರಯೋಗಾಲಯವು ಕೇವಲ ಯಂತ್ರಗಳನ್ನು ಇರಿಸಿದ ಕೊಠಡಿಯಲ್ಲ. ಪ್ರಯೋಗವನ್ನು ಯೋಜಿಸಲು ಸಲಹೆ, ಬಳಕೆದಾರರಿಗೆ ತರಬೇತಿ, ಯಂತ್ರಗಳ ನಿರ್ವಹಣೆ, ವಿಂಗಡಣೆಯ ಸೇವೆ ಮತ್ತು ದತ್ತಾಂಶದ ವಿಶ್ಲೇಷಣೆಯಲ್ಲಿ ನೆರವು ಇವೆಲ್ಲವೂ ಅದರ ಕೆಲಸಗಳೇ. ಸಾಮಾನ್ಯವಾಗಿ ಕಂಡುಬರುವ ವ್ಯವಸ್ಥೆ ಹೀಗಿರುತ್ತದೆ:

• ಹೊಸ ಬಳಕೆದಾರರು ತರಬೇತಿ ಪಡೆದು, ಸ್ವತಂತ್ರವಾಗಿ ಯಂತ್ರವನ್ನು ನಡೆಸಬಲ್ಲರೆಂದು ಸಿಬ್ಬಂದಿಗೆ ಮನವರಿಕೆಯಾದ ಮೇಲೆ ಮಾತ್ರ ಅನುಮತಿ ಪಡೆಯುತ್ತಾರೆ.
• ವಿಶ್ಲೇಷಣೆಯ ಯಂತ್ರಗಳನ್ನು ಬಳಕೆದಾರರೇ ನಡೆಸುತ್ತಾರೆ. ಸಾರ್ಟರ್‌ಗಳನ್ನು ಹೆಚ್ಚಿನ ಕಡೆ ಸಿಬ್ಬಂದಿಯೇ ನಡೆಸುತ್ತಾರೆ.
• ಸಮಯವನ್ನು ಮುಂಚಿತವಾಗಿ ಕಾಯ್ದಿರಿಸಬೇಕು. ಶುಲ್ಕವನ್ನು ಗಂಟೆಯ ಲೆಕ್ಕದಲ್ಲಿ ವಿಧಿಸಲಾಗುತ್ತದೆ. ಹೊರಗಿನ ಸಂಸ್ಥೆಗಳವರಿಗೆ ದರ ಬೇರೆಯಾಗಿರುತ್ತದೆ.
• ಪ್ರತಿ ಬಳಕೆಯನ್ನೂ, ಕಂಡುಬಂದ ತೊಂದರೆಯನ್ನೂ ದಿನಚರಿಯಲ್ಲಿ ಬರೆಯಬೇಕು.

ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘಟನೆಯಾದ ಐಸ್ಯಾಕ್, ಹಂಚಿಕೆಯ ಪ್ರಯೋಗಾಲಯಗಳ ಉತ್ತಮ ಪದ್ಧತಿಗಳನ್ನು ಕುರಿತ ಮಾರ್ಗದರ್ಶಿಯನ್ನು 2016ರಲ್ಲಿ ಪ್ರಕಟಿಸಿತು.

ಒಬ್ಬರ ಅಜಾಗ್ರತೆಯು ಇನ್ನೊಬ್ಬರ ಫಲಿತಾಂಶವನ್ನು ಕೆಡಿಸಬಲ್ಲದು ಎಂಬುದು ಹಂಚಿಕೆಯ ವ್ಯವಸ್ಥೆಯ ದೊಡ್ಡ ಸಮಸ್ಯೆ. ಪ್ರೊಪಿಡಿಯಮ್ ಅಯೊಡೈಡ್, ಆಕ್ರಿಡೀನ್ ಆರೆಂಜ್ ಮೊದಲಾದ ವರ್ಣದ್ರವ್ಯಗಳು ಯಂತ್ರದ ನಳಿಕೆಗಳಿಗೆ ಅಂಟಿಕೊಳ್ಳುತ್ತವೆ. ಬೆಳಗ್ಗೆ ಅವನ್ನು ಬಳಸಿದವರು ತೊಳೆಯದೆ ಹೋದರೆ, ಮಧ್ಯಾಹ್ನ ಬಂದವರ ಕೋಶಗಳಿಗೆ ಆ ಬಣ್ಣವು ತಗುಲಿ ತಪ್ಪು ಸಂಕೇತಗಳು ತೋರಬಹುದು. ಗಂಟುಗಟ್ಟಿದ ಮಾದರಿಯನ್ನು ಸೋಸದೆ ಹಾಕಿದರೆ ಯಂತ್ರವು ಕಟ್ಟಿಕೊಂಡು ಅಂದಿನ ಸರದಿಯೆಲ್ಲ ತಪ್ಪುತ್ತದೆ. ಇಲಿಯಿಂದ ಅಥವಾ ರೋಗಿಯಿಂದ ಅದೇ ದಿನ ಪಡೆದ ಕೋಶಗಳು ಮರುದಿನದವರೆಗೆ ಕಾಯಲಾರವು. ಆದುದರಿಂದ ಮಾದರಿಯನ್ನು ಸುಮಾರು 35ರಿಂದ 40 ಮೈಕ್ರೋಮೀಟರ್ ರಂಧ್ರದ ಜಾಲರಿಯಲ್ಲಿ ಸೋಸಿ ತರುವುದು, ಬಳಕೆಯ ಕೊನೆಯಲ್ಲಿ ಬ್ಲೀಚ್ ದ್ರಾವಣ, ಮಾರ್ಜಕ ಮತ್ತು ಶುದ್ಧ ನೀರನ್ನು ಕ್ರಮವಾಗಿ ಹಾಯಿಸುವುದು ಕಡ್ಡಾಯವೆಂದು ಹೆಚ್ಚಿನ ಪ್ರಯೋಗಾಲಯಗಳಲ್ಲಿ ನಿಯಮವಿದೆ.

ದೈನಂದಿನ ಗುಣಮಟ್ಟ ಪರೀಕ್ಷೆ

ಪ್ರತಿದಿನ ಬೆಳಗ್ಗೆ ಯಂತ್ರವನ್ನು ಆರಂಭಿಸಿ, ಲೇಸರ್‌ಗಳು ಸ್ಥಿರಗೊಳ್ಳುವವರೆಗೆ ಕಾಯಲಾಗುತ್ತದೆ. ಅನಂತರ ನಿರ್ದಿಷ್ಟ ಹೊಳಪುಳ್ಳ ಸೂಕ್ಷ್ಮ ಪ್ಲಾಸ್ಟಿಕ್ ಮಣಿಗಳನ್ನು ಹಾಯಿಸಿ ಅಳೆಯುತ್ತಾರೆ. ಮಣಿಗಳ ಹೊಳಪು ಬದಲಾಗುವುದಿಲ್ಲವಾದ್ದರಿಂದ, ಅಳತೆಯಲ್ಲಿ ವ್ಯತ್ಯಾಸ ಕಂಡರೆ ಅದು ಯಂತ್ರದ ವ್ಯತ್ಯಾಸವೆಂದು ತಿಳಿಯುತ್ತದೆ. ಈ ಅಳತೆಗಳನ್ನು ದಿನದಿನವೂ ನಕ್ಷೆಯ ಮೇಲೆ ಗುರುತಿಸಿದಾಗ ಲೇಸರ್ ಕ್ಷೀಣಿಸುತ್ತಿರುವುದು, ಬೆಳಕಿನ ಜೋಡಣೆ ಸರಿದಿರುವುದು ಅಥವಾ ನಾಳದಲ್ಲಿ ಕಶ್ಮಲ ಸೇರಿರುವುದು ಮೊದಲೇ ಗಮನಕ್ಕೆ ಬರುತ್ತದೆ. ಆರು ತಿಂಗಳ ಕಾಲ ನಡೆಯುವ ಅಧ್ಯಯನದಲ್ಲಿ ಮೊದಲ ವಾರದ ರೋಗಿಯನ್ನು ಕೊನೆಯ ವಾರದ ರೋಗಿಯೊಡನೆ ಹೋಲಿಸಬೇಕಾದರೆ ಈ ನಿತ್ಯದ ದಾಖಲೆಯೇ ಆಧಾರ. ಹೊರಗಿನವರ ಕಣ್ಣಿಗೆ ಬೀಳದ ಈ ಕೆಲಸವು ಪ್ರಯೋಗಾಲಯದ ಸಿಬ್ಬಂದಿಯ ಸಮಯದ ದೊಡ್ಡ ಪಾಲನ್ನು ತೆಗೆದುಕೊಳ್ಳುತ್ತದೆ.

ಪ್ರಯೋಗದ ನಿಯಂತ್ರಣಗಳು

ವರ್ಣದ್ರವ್ಯಗಳು ಹೊರಸೂಸುವ ಬೆಳಕು ಒಂದೇ ತರಂಗದೂರಕ್ಕೆ ಸೀಮಿತವಾಗಿರುವುದಿಲ್ಲ. ಉದಾಹರಣೆಗೆ, ಹಸಿರು ಬೆಳಕು ಸೂಸುವ ಫ್ಲೂರೊಸೀನ್ ಬಗೆಯ ವರ್ಣದ್ರವ್ಯದ ಒಂದು ಅಂಶವು ಕಿತ್ತಳೆ ಬೆಳಕು ಸೂಸುವ ಫೈಕೊಎರಿಥ್ರಿನ್‌ಗಾಗಿ ಇರಿಸಿದ ಗ್ರಾಹಕಕ್ಕೂ ಸೇರುತ್ತದೆ. ಮೊದಲನೆಯ ಗ್ರಾಹಕದಲ್ಲಿ 100 ಅಂಶ ಹೊಳಪಿರುವ ಕೋಶವು ಎರಡನೆಯದರಲ್ಲಿ 20 ಅಂಶ ತೋರಿಸಿದರೆ, ಆ 20 ಅಂಶವು ಸೋರಿಕೆಯೇ ಹೊರತು ನಿಜವಾದ ಗುರುತಲ್ಲ. ಪ್ರತಿ ವರ್ಣದ್ರವ್ಯವನ್ನು ಪ್ರತ್ಯೇಕವಾಗಿ ಬಳಿದ ಮಾದರಿಗಳನ್ನು ಅಳೆದು ಈ ಸೋರಿಕೆಯ ಪ್ರಮಾಣವನ್ನು ಲೆಕ್ಕಹಾಕಿ ಕಳೆಯುವ ಕ್ರಮವನ್ನು ಕಾಂಪನ್ಸೇಷನ್ ಎನ್ನುತ್ತಾರೆ. ಕಳೆದ ಮೇಲೂ ಅಳತೆಯ ಹರಡುವಿಕೆ ಉಳಿಯುತ್ತದೆ. ಆದುದರಿಂದ ಮಂದ ಗುರುತುಗಳಿಗೆ ಹೊಳಪಿನ ವರ್ಣದ್ರವ್ಯಗಳನ್ನು ಆರಿಸುವುದೂ ಯೋಜನೆಯ ಭಾಗವಾಗುತ್ತದೆ.

ಪ್ರಯೋಗವೊಂದಕ್ಕೆ ಸಾಮಾನ್ಯವಾಗಿ ಬೇಕಾಗುವ ನಿಯಂತ್ರಣ ಮಾದರಿಗಳು ಇಂತಿವೆ:

• ಬಣ್ಣ ಬಳಿಯದ ಕೋಶಗಳು: ಕೋಶಗಳಿಗೆ ಸ್ವಾಭಾವಿಕವಾಗಿರುವ ಹೊಳಪನ್ನು ತಿಳಿಯಲು.
• ಒಂದೊಂದೇ ಬಣ್ಣದ ಮಾದರಿಗಳು: ಕಾಂಪನ್ಸೇಷನ್ ಲೆಕ್ಕಕ್ಕಾಗಿ.
• ಒಂದನ್ನು ಬಿಟ್ಟು ಉಳಿದೆಲ್ಲ ಬಣ್ಣಗಳಿರುವ ಮಾದರಿಗಳು: ಬಿಟ್ಟ ಬಣ್ಣದ ಗ್ರಾಹಕದಲ್ಲಿ ಉಳಿದ ಬಣ್ಣಗಳಿಂದಾಗುವ ಹರಡುವಿಕೆಯನ್ನು ಅರಿತು, ಗಡಿಯನ್ನು ಎಲ್ಲಿ ಎಳೆಯಬೇಕೆಂದು ನಿರ್ಧರಿಸಲು.
• ಸತ್ತ ಕೋಶಗಳನ್ನು ಗುರುತಿಸುವ ಬಣ್ಣ: ಸತ್ತ ಕೋಶಗಳು ಪ್ರತಿಕಾಯಗಳನ್ನು ಕಂಡಂತೆ ಅಂಟಿಸಿಕೊಳ್ಳುವುದರಿಂದ ಅವನ್ನು ಹೊರಗಿಡಲು.

ಬೆಲೆಬಾಳುವ ಮಾದರಿಯನ್ನು ಉಳಿಸುವ ಸಲುವಾಗಿ ನಿಯಂತ್ರಣಗಳನ್ನು ಬಿಟ್ಟುಬಿಡುವ ಪ್ರವೃತ್ತಿ ಹೊಸಬರಲ್ಲಿ ಕಂಡುಬರುತ್ತದೆ. ನಿಯಂತ್ರಣವಿಲ್ಲದ ಅಳತೆಯನ್ನು ಅನಂತರ ಯಾವ ತಂತ್ರಾಂಶವೂ ಸರಿಪಡಿಸಲಾರದು.

ಎಷ್ಟು ಕೋಶಗಳನ್ನು ಅಳೆಯಬೇಕು ಎಂಬುದೂ ಮುಖ್ಯ. ಹತ್ತು ಸಾವಿರಕ್ಕೆ ಒಂದರಂತೆ ಇರುವ ಅಪರೂಪದ ಕೋಶವನ್ನು ಹುಡುಕುವಾಗ, ಅಂತಹ 100 ಕೋಶಗಳು ದೊರೆಯಲು 10 ಲಕ್ಷ ಕೋಶಗಳನ್ನು ಹಾಯಿಸಬೇಕು. 100 ಕೋಶಗಳ ಎಣಿಕೆಯಲ್ಲಿ ಆಕಸ್ಮಿಕ ವ್ಯತ್ಯಾಸವು ಅದರ ವರ್ಗಮೂಲದಷ್ಟು, ಅಂದರೆ ಸುಮಾರು 10 ಇರುತ್ತದೆ. ಇದು ಶೇಕಡ 10ರ ಅನಿಶ್ಚಿತತೆ. ಕೇವಲ 9 ಕೋಶಗಳನ್ನು ಕಂಡು ತೀರ್ಮಾನಿಸಿದರೆ ಅನಿಶ್ಚಿತತೆಯು ಶೇಕಡ 33ಕ್ಕೆ ಏರುತ್ತದೆ.

ವಿಶ್ಲೇಷಣೆ ಮತ್ತು ತಪ್ಪು ನಿರ್ಣಯಗಳು

ದತ್ತಾಂಶವನ್ನು ಚುಕ್ಕಿಗಳ ನಕ್ಷೆಯಾಗಿ ಬಿಡಿಸಿ, ಬೇಕಾದ ಗುಂಪಿನ ಸುತ್ತ ಗಡಿಯನ್ನು ಎಳೆಯುವುದನ್ನು ಗೇಟಿಂಗ್ ಎನ್ನುತ್ತಾರೆ. ಸಾಮಾನ್ಯ ಕ್ರಮದಲ್ಲಿ ಮೊದಲು ಕಸವನ್ನು, ಬಳಿಕ ಜೋಡಿಗೂಡಿದ ಕೋಶಗಳನ್ನು, ಅನಂತರ ಸತ್ತ ಕೋಶಗಳನ್ನು ಹೊರಗಿಟ್ಟು ಉಳಿದವನ್ನು ಪರಿಶೀಲಿಸಲಾಗುತ್ತದೆ. ಗಡಿಯನ್ನು ಎಳೆಯುವವರು ಮನುಷ್ಯರೇ ಆದುದರಿಂದ ಒಂದೇ ಕಡತದಿಂದ ಇಬ್ಬರು ಬೇರೆ ಬೇರೆ ಸಂಖ್ಯೆಗಳನ್ನು ಪಡೆಯಬಹುದು. ವರದಿಯಲ್ಲಿ ಯಂತ್ರ, ಮಾದರಿ, ನಿಯಂತ್ರಣ ಮತ್ತು ಗೇಟಿಂಗ್ ವಿವರಗಳನ್ನು ಕನಿಷ್ಠ ಎಷ್ಟು ಕೊಡಬೇಕೆಂಬುದನ್ನು ತಿಳಿಸುವ ಮಾನದಂಡವು 2008ರಲ್ಲಿ ಪ್ರಕಟವಾಯಿತು.

ಕೋಶಗಳ ಸ್ವಾಭಾವಿಕ ಹೊಳಪು ದಾರಿ ತಪ್ಪಿಸಬಲ್ಲದೆಂಬುದಕ್ಕೆ ಪ್ರಸಿದ್ಧ ನಿದರ್ಶನವು ಸ್ಟ್ಯಾಪ್ ಕೋಶಗಳ ಪ್ರಕರಣ. ಸಾಮಾನ್ಯ ಕೋಶಗಳನ್ನು ಆಮ್ಲದಂತಹ ಒತ್ತಡಕ್ಕೆ ಗುರಿಪಡಿಸಿ ಕಾಂಡಕೋಶಗಳಂತೆ ಮಾರ್ಪಡಿಸಬಹುದೆಂದು 2014ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಲೇಖನಗಳನ್ನು ಅದೇ ವರ್ಷದ ಜುಲೈನಲ್ಲಿ ಹಿಂತೆಗೆದುಕೊಳ್ಳಲಾಯಿತು. ಪ್ರಯೋಗವನ್ನು ಪುನರಾವರ್ತಿಸಲು ಯತ್ನಿಸಿದ ಹಲವು ಪ್ರಯೋಗಾಲಯಗಳು, ಒತ್ತಡಕ್ಕೆ ಸಿಲುಕಿದ ಕೋಶಗಳು ತಾವಾಗಿಯೇ ಸೂಸುವ ಹೊಳಪನ್ನು ಕಾಂಡಕೋಶದ ಹಸಿರು ಗುರುತೆಂದು ಭ್ರಮಿಸುವ ಸಾಧ್ಯತೆಯನ್ನು 2015ರಲ್ಲಿ ತೋರಿಸಿಕೊಟ್ಟವು.

ಅಂಟಿಕೊಂಡ ಎರಡು ಕೋಶಗಳು ಎರಡೂ ಬಗೆಯ ಗುರುತುಗಳಿರುವ ಒಂದೇ ಕೋಶದಂತೆ ತೋರುವುದು ಇನ್ನೊಂದು ತೊಡಕು. ಟಿ ಮತ್ತು ಬಿ ಕೋಶಗಳೆರಡರ ಗ್ರಾಹಕಗಳೂ ಇರುವ ಕೋಶಗಳು ಒಂದನೆಯ ಬಗೆಯ ಮಧುಮೇಹವುಳ್ಳವರಲ್ಲಿ ಹೆಚ್ಚಾಗಿವೆಯೆಂದು 2019ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಒಂದು ತಂಡವು ವರದಿಮಾಡಿತು. 2021ರಲ್ಲಿ ಅದೇ ಪತ್ರಿಕೆಯಲ್ಲಿ ಬೇರೊಂದು ತಂಡವು, ಅಂತಹ ಕೋಶಗಳು ಯಂತ್ರದಲ್ಲಿ ಕಂಡುಬಂದರೂ ಅವುಗಳ ಪ್ರಮಾಣಕ್ಕೂ ಮಧುಮೇಹಕ್ಕೂ ಸಂಬಂಧ ಕಾಣಲಿಲ್ಲವೆಂದು ತಿಳಿಸಿತು. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಬಹುಕಾಲ ಕಸವೆಂದು ಹೊರಗಿಡುತ್ತಿದ್ದ ಟಿ ಕೋಶ ಹಾಗೂ ಮೊನೊಸೈಟ್ ಜೋಡಿಗಳು ಕ್ಷಯ ಮತ್ತು ಡೆಂಗ್ಯೂ ರೋಗಗಳಲ್ಲಿ ದೇಹದ ಸ್ಥಿತಿಯನ್ನು ಸೂಚಿಸಬಲ್ಲವೆಂದು 2019ರ ಅಧ್ಯಯನವೊಂದು ತೋರಿಸಿತು. ಜೋಡಿಗಳನ್ನು ಕಣ್ಣುಮುಚ್ಚಿ ಸ್ವೀಕರಿಸುವುದೂ, ಕಣ್ಣುಮುಚ್ಚಿ ತಿರಸ್ಕರಿಸುವುದೂ ಸರಿಯಲ್ಲ ಎಂಬುದು ಇವುಗಳಿಂದ ತಿಳಿಯುತ್ತದೆ.

ಜೈವಿಕ ಸುರಕ್ಷತೆ

ಸಾರ್ಟರ್‌ನಲ್ಲಿ ಧಾರೆಯು ಹೆಚ್ಚಿನ ಒತ್ತಡದಿಂದ ತೆರೆದ ಗಾಳಿಯಲ್ಲಿ ಹನಿಗಳಾಗುತ್ತದೆ. ನಾಜಲ್ ಅರ್ಧ ಕಟ್ಟಿಕೊಂಡು ಧಾರೆಯು ಓರೆಯಾದರೆ ಅದು ಲೋಹದ ಅಂಚಿಗೆ ಬಡಿದು ಉಸಿರಾಟದೊಡನೆ ಒಳಹೋಗಬಲ್ಲ ತುಂತುರಾಗುತ್ತದೆ. ಮಾದರಿಯು ಮನುಷ್ಯರ ರಕ್ತವಾಗಿದ್ದರೆ ಅದರಲ್ಲಿ ಹೆಪಟೈಟಿಸ್ ಅಥವಾ ಎಚ್‌ಐವಿ ಇರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಇದಕ್ಕಾಗಿ ಐಸ್ಯಾಕ್ ಸಂಸ್ಥೆಯು 1997ರಲ್ಲಿ ಸುರಕ್ಷತಾ ಮಾರ್ಗದರ್ಶಿಯನ್ನು ಪ್ರಕಟಿಸಿ, ಅನಂತರ ಪರಿಷ್ಕರಿಸುತ್ತ ಬಂದಿದೆ. ಯಂತ್ರವನ್ನು ಸುರಕ್ಷತಾ ಕೋಷ್ಠದೊಳಗೆ ಇರಿಸುವುದು, ತುಂತುರನ್ನು ಹೀರಿ ಸೋಸುವ ವ್ಯವಸ್ಥೆ ಮಾಡುವುದು, ಆ ವ್ಯವಸ್ಥೆಯು ಕೆಲಸಮಾಡುತ್ತಿದೆಯೇ ಎಂದು ಆಗಾಗ ಪರೀಕ್ಷಿಸುವುದು, ಧಾರೆ ಕಟ್ಟಿಕೊಂಡಾಗ ತುಂತುರು ಇಳಿಯುವವರೆಗೆ ಕೋಷ್ಠವನ್ನು ತೆರೆಯದಿರುವುದು ಮುಖ್ಯ ನಿಯಮಗಳು. ಬಳಕೆದಾರರು ತಮ್ಮ ಮಾದರಿಯಲ್ಲಿ ಏನಿದೆ ಎಂಬುದನ್ನು ಮುಂಚಿತವಾಗಿ ಲಿಖಿತವಾಗಿ ತಿಳಿಸಬೇಕು. ಈ ಮಾಹಿತಿಯನ್ನು ಮರೆಮಾಚಿದರೆ ಅಪಾಯಕ್ಕೆ ಒಳಗಾಗುವವರು ಯಂತ್ರದ ಮುಂದೆ ಕುಳಿತ ಸಿಬ್ಬಂದಿ.

ಉಪಯೋಗಗಳು

ಎಚ್‌ಐವಿ ಚಿಕಿತ್ಸೆ: ಎಚ್‌ಐವಿ ಸೋಂಕಿನಲ್ಲಿ ಸಿಡಿ4 ಗುರುತಿರುವ ಟಿ ಕೋಶಗಳು ಕ್ಷೀಣಿಸುತ್ತವೆ. ಆರೋಗ್ಯವಂತ ವಯಸ್ಕರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸುಮಾರು 500ರಿಂದ 1500ರಷ್ಟಿರುತ್ತವೆ. 200ಕ್ಕಿಂತ ಕೆಳಗಿಳಿದರೆ ರೋಗವು ಮುಂದುವರಿದ ಹಂತದಲ್ಲಿದೆ ಎಂದರ್ಥ. ಎಣಿಕೆಗಾಗಿ ರಕ್ತಕ್ಕೆ ತಿಳಿದ ಸಂಖ್ಯೆಯ ಮಣಿಗಳನ್ನು ಸೇರಿಸಬಹುದು. 50 ಮೈಕ್ರೋಲೀಟರ್ ರಕ್ತಕ್ಕೆ 50,000 ಮಣಿಗಳನ್ನು ಸೇರಿಸಿ, ಯಂತ್ರವು 10,000 ಮಣಿಗಳನ್ನೂ 4,000 ಸಿಡಿ4 ಕೋಶಗಳನ್ನೂ ಎಣಿಸಿದರೆ, ಮೈಕ್ರೋಲೀಟರಿಗೆ 400 ಕೋಶಗಳಿವೆ ಎಂದಾಯಿತು. ಇಲ್ಲಿ ರಕ್ತವನ್ನು 50ರ ಬದಲು 45 ಮೈಕ್ರೋಲೀಟರ್ ಹಾಕಿದರೆ, ನಿಜವಾಗಿ 380 ಕೋಶಗಳಿರುವ ರೋಗಿಯ ವರದಿಯಲ್ಲಿ 342 ಎಂದು ಬರುತ್ತದೆ. 2010ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 350 ಎಂಬುದು ಚಿಕಿತ್ಸೆ ಆರಂಭಿಸುವ ಗಡಿಯಾಗಿತ್ತು. ಪಿಪೆಟ್ಟಿನ ಇಷ್ಟು ಸಣ್ಣ ತಪ್ಪಿನಿಂದಲೇ ರೋಗಿಯೊಬ್ಬರು ಆ ಗಡಿಯ ಆಚೆಗೋ ಈಚೆಗೋ ಸೇರಬಹುದಾಗಿತ್ತು. 2015ರಲ್ಲಿ ಸೋಂಕಿತರೆಲ್ಲರಿಗೂ ಚಿಕಿತ್ಸೆ ನೀಡಬೇಕೆಂದು ಸಂಸ್ಥೆಯು ಸೂಚಿಸಿದ ಮೇಲೆ ಗಡಿಯು ರದ್ದಾಯಿತು. ಆದರೂ ಮುಂದುವರಿದ ರೋಗವನ್ನು ಗುರುತಿಸಲು ಸಿಡಿ4 ಎಣಿಕೆ ಇಂದಿಗೂ ಬೇಕು.

ರಕ್ತದ ಕ್ಯಾನ್ಸರ್: ಲ್ಯುಕೇಮಿಯಾದ ಬಗೆಯನ್ನು ನಿರ್ಧರಿಸಲು, ಚಿಕಿತ್ಸೆಯ ಬಳಿಕ ಉಳಿದಿರುವ ಅತ್ಯಲ್ಪ ಕ್ಯಾನ್ಸರ್ ಕೋಶಗಳನ್ನು ಪತ್ತೆಮಾಡಲು ಈ ವಿಧಾನವು ಬಳಕೆಯಲ್ಲಿದೆ. ರಕ್ತದ ಕಾಂಡಕೋಶಗಳ ಕಸಿಗೆ ಮುನ್ನ ಸಿಡಿ34 ಗುರುತಿರುವ ಕೋಶಗಳನ್ನೂ ಹೀಗೆಯೇ ಎಣಿಸುತ್ತಾರೆ.

ಮೂಲ ಸಂಶೋಧನೆ: ಇಲಿಯ ರಕ್ತದ ಕಾಂಡಕೋಶಗಳನ್ನು ಸ್ಟ್ಯಾನ್‌ಫರ್ಡ್‌ನ ಇರ್ವಿಂಗ್ ವೈಸ್‌ಮನ್ ಅವರ ತಂಡವು 1988ರಲ್ಲಿ ಬೇರ್ಪಡಿಸಿದ್ದು ಕೋಶ ವಿಂಗಡಣೆಯ ನೆರವಿನಿಂದ. ಅದೇ ವರ್ಷ ಸ್ಯಾಲಿ ಚಿಸಮ್ ಮತ್ತು ಸಂಗಡಿಗರು ಪ್ರೋಕ್ಲೋರೊಕಾಕಸ್ ಎಂಬ ಅತಿಸೂಕ್ಷ್ಮ ದ್ಯುತಿಸಂಶ್ಲೇಷಕ ಜೀವಿಯ ಶೋಧವನ್ನು ಪ್ರಕಟಿಸಿದರು. ಹಡಗಿನಲ್ಲಿ ಒಯ್ದಿದ್ದ ಫ್ಲೋ ಸೈಟೋಮೀಟರ್‌ನಲ್ಲಿ ಕಂಡ ಮಂದ ಕೆಂಪು ಸಂಕೇತಗಳು ಮೊದಲು ಯಂತ್ರದ ಗದ್ದಲದಂತೆ ತೋರಿದ್ದವು. ಅವನ್ನು ಅಲಕ್ಷಿಸದೆ ಪರೀಕ್ಷಿಸಿದ್ದರಿಂದ, ಸಾಗರಗಳಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವ ದ್ಯುತಿಸಂಶ್ಲೇಷಕ ಜೀವಿಯ ಪರಿಚಯವಾಯಿತು. ಸಸ್ಯಗಳ ಕೋಶಕೇಂದ್ರದಲ್ಲಿನ ಡಿಎನ್‌ಎ ಪ್ರಮಾಣವನ್ನು ಅಳೆಯಲೂ ಈ ವಿಧಾನವು ಉಪಯುಕ್ತವಾಗಿದೆ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಎಚ್‌ಐವಿ ಸೋಂಕಿತರಿಗೆ ಸರ್ಕಾರದ ಉಚಿತ ಚಿಕಿತ್ಸೆಯು 2004ರ ಏಪ್ರಿಲ್ 1ರಂದು ಆರಂಭವಾಯಿತು. ಅದರೊಡನೆ ಸಿಡಿ4 ಎಣಿಕೆಗಾಗಿ ಈ ಯಂತ್ರಗಳು ದೊಡ್ಡ ಸಂಶೋಧನಾ ಸಂಸ್ಥೆಗಳ ಆಚೆಗೂ ಬಳಕೆಗೆ ಬಂದವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಫ್ಲೋ ಸೈಟೋಮೆಟ್ರಿಯ ಸಾಮಾನ್ಯ ಸೌಲಭ್ಯವಿದೆ. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಅದರ ನೆರೆಯ ಸಂಸ್ಥೆಗಳು ಸೂಕ್ಷ್ಮದರ್ಶಕ ಹಾಗೂ ಫ್ಲೋ ಸೈಟೋಮೆಟ್ರಿಗಾಗಿ ಕೇಂದ್ರೀಯ ಸೌಲಭ್ಯವನ್ನು ಹೊಂದಿವೆ. ದೇಶದ ವಿವಿಧ ಸಂಸ್ಥೆಗಳಲ್ಲಿರುವ ಸಂಶೋಧನಾ ಉಪಕರಣಗಳನ್ನು ಹುಡುಕಿ, ಸಮಯ ಕಾಯ್ದಿರಿಸಲು ನೆರವಾಗುವ ಐ-ಸ್ಟೆಮ್ ಎಂಬ ರಾಷ್ಟ್ರೀಯ ಜಾಲತಾಣವು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತೀಯ ವಿಜ್ಞಾನ ಸಮ್ಮೇಳನದಲ್ಲಿ ಉದ್ಘಾಟನೆಗೊಂಡಿತು. ಸ್ವಂತ ಯಂತ್ರವಿಲ್ಲದ ಕಾಲೇಜಿನ ವಿದ್ಯಾರ್ಥಿಗೂ ಇಂತಹ ಉಪಕರಣಗಳ ಬಳಕೆಗೆ ಅವಕಾಶವಾಗಬೇಕೆಂಬುದು ಈ ಬಗೆಯ ವ್ಯವಸ್ಥೆಗಳ ಉದ್ದೇಶ.

ಇತ್ತೀಚಿನ ಬೆಳವಣಿಗೆಗಳು

ಸ್ಪೆಕ್ಟ್ರಲ್ ಸೈಟೋಮೆಟ್ರಿಯಲ್ಲಿ ಪ್ರತಿ ವರ್ಣದ್ರವ್ಯದ ಇಡೀ ವರ್ಣಪಟಲವನ್ನು ದಾಖಲಿಸಿ, ಗಣಿತದಿಂದ ಬಣ್ಣಗಳನ್ನು ಬೇರ್ಪಡಿಸಲಾಗುತ್ತದೆ. ಈ ವಿಧಾನದಿಂದ 40 ಬಣ್ಣಗಳನ್ನು ಒಟ್ಟಿಗೆ ಬಳಸಿದ ಪ್ರಯೋಗವು 2020ರಲ್ಲಿ ಪ್ರಕಟವಾಯಿತು. ಮಾಸ್ ಸೈಟೋಮೆಟ್ರಿಯಲ್ಲಿ ವರ್ಣದ್ರವ್ಯಗಳ ಬದಲು ಲೋಹದ ಸಮಸ್ಥಾನಿಗಳನ್ನು ಪ್ರತಿಕಾಯಗಳಿಗೆ ಜೋಡಿಸುತ್ತಾರೆ. ಇದರಲ್ಲಿ ಬಣ್ಣದ ಸೋರಿಕೆ ಇಲ್ಲ. ಆದರೆ ಅಳತೆಯಲ್ಲಿ ಕೋಶವು ಆವಿಯಾಗುವುದರಿಂದ ಅದನ್ನು ಮರಳಿ ಪಡೆಯಲಾಗದು. ಅಳತೆಗಳು ಹೆಚ್ಚಿದಂತೆ ಕೈಯಿಂದ ಗಡಿ ಎಳೆಯುವುದು ಕಷ್ಟವಾಗಿ, ಗಣಕಯಂತ್ರದಿಂದ ಗುಂಪುಗಳನ್ನು ಗುರುತಿಸುವ ವಿಧಾನಗಳು ರೂಢಿಗೆ ಬಂದಿವೆ.

ಮಿತಿಗಳು

ಈ ವಿಧಾನಕ್ಕೆ ಬಿಡಿಬಿಡಿಯಾದ ಕೋಶಗಳು ಬೇಕು. ಯಕೃತ್ತು, ಗಡ್ಡೆ ಮೊದಲಾದ ಅಂಗಾಂಶಗಳನ್ನು ಕಿಣ್ವಗಳಿಂದ ಬಿಡಿಸುವಾಗ ಕೆಲವು ಕೋಶಗಳು ಸಾಯುತ್ತವೆ, ಕೆಲವು ಗುರುತುಗಳು ಕಳಚಿಹೋಗುತ್ತವೆ. ಕೋಶವು ಅಂಗಾಂಶದಲ್ಲಿ ಎಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂಬ ಮಾಹಿತಿಯೂ ಉಳಿಯುವುದಿಲ್ಲ.

ಹಂಚಿಕೆಯ ಪ್ರಯೋಗಾಲಯಗಳಿಗೆ ಅವುಗಳದೇ ಆದ ತೊಂದರೆಗಳೂ ಇವೆ. ಯಂತ್ರ ಕೊಳ್ಳಲು ಒಮ್ಮೆ ಅನುದಾನ ದೊರೆತರೂ ವಾರ್ಷಿಕ ನಿರ್ವಹಣೆಗೆ, ಬಿಡಿಭಾಗಗಳಿಗೆ ಮತ್ತು ಸಿಬ್ಬಂದಿಯ ವೇತನಕ್ಕೆ ನಿರಂತರವಾಗಿ ಹಣ ಬೇಕು. ಅನುಭವಿ ತಂತ್ರಜ್ಞರೊಬ್ಬರು ಬಿಟ್ಟುಹೋದರೆ ಅವರ ತಿಳಿವಳಿಕೆಯನ್ನು ಹೊಸಬರು ಗಳಿಸಲು ವರ್ಷಗಳೇ ಬೇಕಾಗುತ್ತವೆ. ಪ್ರಯೋಗವನ್ನು ರೂಪಿಸುವುದರಲ್ಲಿ ಸಿಬ್ಬಂದಿಯ ಬೌದ್ಧಿಕ ಪಾಲಿದ್ದರೆ ಪ್ರಬಂಧದಲ್ಲಿ ಸಹಲೇಖಕತ್ವ, ಸೇವೆಯ ನೆರವಷ್ಟೇ ಇದ್ದರೆ ಕೃತಜ್ಞತಾ ಉಲ್ಲೇಖ ಸಲ್ಲಬೇಕೆಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಮಾತು. ಶುಲ್ಕ ಪಾವತಿಸಿದ ಮಾತ್ರಕ್ಕೆ ಈ ಮನ್ನಣೆಯನ್ನು ಬಿಡಬಹುದೆಂದು ಭಾವಿಸುವುದು ಸರಿಯಲ್ಲವೆಂದು ಪರಿಗಣಿಸಲಾಗುತ್ತದೆ.